ಗುರುತಿನ ವಾಸನೆ

ರಾಣೆಬೆನ್ನೂರಿನ ಪಶು ಆಸ್ಪತ್ರೆಯ ಕಟ್ಟೆಯ ಮೇಲೆ ನಮ್ಮ ಎಮ್ಮೆಯ ಔಷಧಿಗಾಗಿ ಕಾಯುತ್ತಿದ್ದೆ. ಡಾಕ್ಟರನ್ನು ಕಂಡು ಹೊರಬಂದ ಕುಪ್ಪೇಲೂರಿನ ಮಧು, ಜೊತೆಗೆ ಬಂದಿದ್ದ ನೆರೆಮನೆಯ ಶಂಕ್ರಪ್ಪನ ಪಕ್ಕ ಕುಳಿತ.

"ಏನಂದ್ರೋ ಡಾಕ್ಟ್ರು?" ಶಂಕ್ರಪ್ಪ ಕೇಳಿದ.

"ಹಾಲು ಬಿಡಿಸಿದ ಹಂದಿಮರಿಗೆ ಭೇದಿ ಆಗೂದು ಇದ್ದದ್ದ ಅಂತ, ಕಾಕಾ. ಗಬ್ಬ ಇದ್ದಾಗ ತಾಯಿ ತಿಂದ ಸೊಪ್ಪು-ಕಾಳಿನ ವಾಸನಿ ಮರಿಗೆ ಗುರುತಿರತೈತಂತ. ಅದನ್ನ ಫೀಡಿನ್ಯಾಗ ಬೆರೆಸಿದ್ರ ತಿಂತಾವು, ಭೇದೀನೂ ನಿಲ್ಲಬಹುದು ಅಂದ್ರು."

"ಬೆರೆಸು ಮತ್ತ. ಓಮ ಇರಬೇಕು."

"ಓಮ ಹಾಕಿ ನೋಡೀನಿ. ಮೂಸಿ ಬಿಟ್ವು. ಗಬ್ಬದ ಹಂದಿಗೆ, ಬಾಣಂತಿಗೆ ಮಾಡಿದಂಗ ಹುರದು ಕುಟ್ಟಿ ಇಡಾಕಿ ಸುಧಾರಾಣಿ. ಏನೇನು ಬೆರೆಸತಿದ್ಲೋ, ನಾ ಒಂದಿನಾನೂ ಕೇಳಲಿಲ್ಲ."

"ಕೇಳಾಕ ಹೇಣ್ತಿ ಎಲ್ಲಿ ಅದಾಳ? 'ಹಂದಿ ಜೋಡೀನ ಸಂಸಾರ ಮಾಡು' ಅಂತ ಸಿಟ್ಟಿಲೆ ಕರ್ಜಗಿಗೆ, ತವರಿಗೆ ಹೋಗ್ಯಾಳ!" ಶಂಕ್ರಪ್ಪ ನಕ್ಕ. "ಫೋನ್ ಹಚ್ಚಿ ಕೇಳು."

ಮಧು ಫೋನು ತೆಗೆದು, ನೋಡಿ, ಮತ್ತೆ ಕಿಸೆಗಿಟ್ಟ.

"ಫೋನ್ ಮಾಡಿದ್ರ ಹೇಳಿ ಇಟ್ಟಬಿಡತಾಳ, ಕಾಕಾ."

ಶಂಕ್ರಪ್ಪ ಮಧುವಿನ ಕೈಯಲ್ಲಿದ್ದ ಔಷಧಿ ಚೀಲ ಇಸಿದುಕೊಂಡ.

"ಮರಿ ನಾ ನೋಡ್ಕೋತೇನಿ. ನೀ ಕರ್ಜಗಿಗೆ ಹೋಗಾಕ ಹಾವೇರಿ ಬಸ್ ಹತ್ತು, ಲಗೂನ."

ಮಧು ಎದ್ದು, ತೋಳು ಮೂಸಿ ನೋಡಿಕೊಂಡ.

"ಅಂಗಿ ಹಂದಿ ವಾಸನಿ ಬರತೈತೇನ್ರೀ?"

"ಬರತೈತಿ. ಹೋಗು, ಆಕಿಗೂ ಗುರುತಿನ ವಾಸನೀನ ಅದು."

ಇಬ್ಬರೂ ಗೇಟಿನತ್ತ ನಡೆದರು.