ರಜೆಯ ದಿನಕ್ಕೆಂದು ಕೊಟ್ಟ ದನಿ

ಪಾಳಿ ಮುಗಿಸಿ ಬಸ್ ನಿಲ್ದಾಣದಲ್ಲಿ ಕಾಲು ಚಾಚಿ ಕುಳಿತಿದ್ದ ನರ್ಸಮ್ಮನಿಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಇಬ್ಬರೂ ಒಂದೇ ಕಾಲೇಜಿನ ಲೈಬ್ರರಿಯವರು. ಹಿರಿಯಳ ಮುಖ ಗಂಟಿಕ್ಕಿತ್ತು.

“ಹೊಸ ಮಕ್ಕಳಿಗೆ ಲೈಬ್ರರಿ ಪರಿಚಯ ಮಾಡಿಸೋಳು ನಾನು. ನಾಳೆಯಿಂದ ಹಳೇ ಪುಸ್ತಕದ ಗೋಡೌನಿಗೆ ಹೋಗಿ ಅಂದಿದಾರೆ.”

“ಹಾಲಲ್ಲಿ ದನಿ ಇರೋ ಸ್ಲೈಡ್ ಹಾಕಿದ್ರೆ ಸಾಕು ಅಂತಾರಕ್ಕ, ನಾನೇನ್ ಮಾಡ್ಲಿ?”

“ಅದಕ್ಕೆ ದನಿ ಕೊಟ್ಟೋಳು ಯಾರೇ? ‘ನೀವು ರಜ ಹಾಕಿದ ದಿನಕ್ಕಿರಲಿ ಅಕ್ಕ’ ಅಂತ ಬೆಣ್ಣೆ ಹಚ್ಚಿ ಎಲ್ಲ ನನ್ನ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡ್ಕೊಂಡೆ. ಆಗಲೇ ಗೊತ್ತಿತ್ತಾ ನಿನಗೆ?”

ಕಿರಿಯಳು ಬ್ಯಾಗಿನ ಜಿಪ್ಪು ಎಳೆದಳು, ಮತ್ತೆ ಮುಚ್ಚಿದಳು.

“ಗೊತ್ತಿತ್ತು. ನಿಮಗೆ ಹೇಳಬೇಡ ಅಂದಿದ್ರು.”

“ನಿನಗೆ ಕೆಲಸ ಕಲಿಸಿದ್ದೂ ನಾನೇ.”

“ಬೈದುಬಿಡಿ ಅಕ್ಕ. ಇಲಿಗೂ ಮೆಂಬರ್ ಕಾರ್ಡ್ ಮಾಡಿಸಿ ಅನ್ನೋ ನಿಮ್ಮ ಜೋಕಿಗೆ ಇವತ್ತು ಸ್ಲೈಡ್ ಹಾಕಿದಾಗ ಹಾಲೆಲ್ಲ ನಕ್ತು, ಗೊತ್ತಾ?”

“ನಕ್ಕೋರು ಸುಮ್ಮನಾಗೋವರೆಗೂ ನಾನು ಕಾಯ್ತಿದ್ದೆ. ಆ ರೆಕಾರ್ಡಿಂಗ್ ಕಾಯುತ್ತಾ?”

“ಇಲ್ಲಕ್ಕ. ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.”

ಬಸ್ಸು ಬಂತು. ಕಿರಿಯಳು ಮೊದಲು ಹತ್ತಿ, ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಅಕ್ಕನಿಗೆಂದು ಜಾಗ ಹಿಡಿದಳು. ಹಿರಿಯಳು ಅದನ್ನು ದಾಟಿ ಹಿಂದಕ್ಕೆ ಹೋಗಿ, ಕಂಬಿ ಹಿಡಿದು ನಿಂತಳು.