ಅಕ್ಕನ ತಟ್ಟೆ

"ಒಂದಕ್ಷರ ಸುಳ್ಳು ಹೇಳಿದ್ರೂ ನನ್ನ ನಾಲಿಗೆ ಬಿದ್ದುಹೋಗ್ಲಿ ಅಮ್ಮಾ," ಎಂದು ಗಡಿಯಾರ ರಿಪೇರಿಯವನು ಪ್ರಾಣಿಗಳ ಆಸ್ಪತ್ರೆಯ ಬೆಂಚೆಲ್ಲ ಕೇಳುವ ಹಾಗೆ ಶುರುಮಾಡಿದ. ಪಕ್ಕದಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು ಅವನನ್ನು ಏನೂ ಕೇಳಿರಲಿಲ್ಲ. ಅವನ ಕಾಲ ಬುಡದಲ್ಲಿ ಮುದಿ ನಾಯಿಯೊಂದು ನರಳುತ್ತ ಮಲಗಿತ್ತು.

"ಇದರ ಹೊಟ್ಟೆ ಬಲು ಸೂಕ್ಷ್ಮ. ಮನೆ ಬದಲಾಯಿಸಿದ್ರೂ ಊಟ ಬದಲಾಯಿಸ್ಬೇಡಿ ಅಂದಿದ್ರು ಡಾಕ್ಟ್ರು. ಅದೇ ಸಪ್ಪೆ ಅನ್ನ, ಅದೇ ಬೇಯಿಸಿದ ಕೋಳಿ ಇಟ್ಟೆ. ಮೂಸಿಯೂ ನೋಡ್ಲಿಲ್ಲ."

"ಯಾಕಂತೆ?"

"ಹಳೇ ಮನೇಲಿ ನಾನೂ ನಮ್ಮಕ್ಕನೂ ಜಗಳ ಆಡ್ತಾ ಉಣ್ತಿದ್ವಿ. ಆಗ್ಲೇ ಇದೂ ತಿನ್ನೋದು. ಈಗ ಅಕ್ಕ ಮಗಳ ಮನೆ ಸೇರಿದ್ಲು. ನಾನೂ ಇದೂ ಒಂದು ಕೋಣೆಗೆ ಬಂದ್ವಿ."

"ಅಯ್ಯೋ."

"ಎರಡು ದಿನ ಉಪವಾಸ. ಮೂರನೇ ದಿನ ನಾನೇ ಎರಡು ತಟ್ಟೆ ಹಾಕ್ದೆ. ಈ ಕಡೆ ಕೂತು ಬೈದೆ, ಎದ್ದು ಆ ಕಡೆ ಕೂತು ಅಕ್ಕನ ದನೀಲಿ ತಿರುಗಿ ಬೈದೆ."

"ನಿಮಗೆ ನೀವೇನಾ?"

"ಅಕ್ಕನೇ ಗೆದ್ಲು. ಅವಳ ಬಾಯಿ ಅಂಥದ್ದು."

"ತಿಂತಾ ನಾಯಿ?"

"ತಿಂತು. ಅಕ್ಕನ ತಟ್ಟೇದು. ಖಾರ ಹಾಕಿ ಹುರಿದಿದ್ದ ಮೊಟ್ಟೆ. ನಿನ್ನೆಯಿಂದ ಭೇದಿ ನಿಂತಿಲ್ಲ."

ಹೆಂಗಸಿಗೆ ನಗು ತಡೆಯಲಾಗಲಿಲ್ಲ. "ಅಲ್ರೀ, ಇಲ್ಲದವರ ತಟ್ಟೆಗೆ ಖಾರ ಯಾಕೆ ಹಾಕಿದ್ರಿ?"

"ಸಪ್ಪೆ ಅವಳು ಮುಟ್ಟಲ್ವಲ್ಲ."

ಒಳಗಿನಿಂದ ಬೆಕ್ಕಿನ ಸರದಿ ಕೂಗಿದರು. ಹೆಂಗಸು ಎದ್ದಳು.

"ಅಮ್ಮಾ, ನಮ್ಮ ಕೋಣೆ ಇಲ್ಲೇ ಹಿಂದಿನ ಬೀದೀಲಿ. ಜಗಳ ಏನೂ ಬೇಡ, ಸುಮ್ನೆ ಎದುರಿಗೆ ಕೂತು ನೀವು ಒಂದೇ ಒಂದು ತುತ್ತು..."

ಅವಳು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.