ಜಿಂಕೆ ಸುಳಿಯದ ದಿಬ್ಬ

ನಾಳೆಯಿಂದ ಜಿಂಕೆ ಬೇಟೆ ಶುರು. ಅಮೆರಿಕದ ವಿಸ್ಕಾನ್ಸಿನ್ನಿನ ಆ ಪೆಟ್ರೋಲ್ ಬಂಕಿನಲ್ಲಿ ಕಾಫಿಗೆ ನಿಂತ ಲೋರ್ನಾಳ ಬೆನ್ನಿಗೇ ಬೇಟೆಗಾರರ ಕಿತ್ತಳೆ ಜಾಕೆಟ್ಟಿನ ಅಣ್ಣತಮ್ಮಂದಿರಿಬ್ಬರು ದನಿ ತಗ್ಗಿಸಿಕೊಂಡು ಜಗಳವಾಡುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ.

“ಅಪ್ಪ ಹೋಗಿ ವರ್ಷ ತುಂಬಿಲ್ಲ, ದಿಬ್ಬದ ಮೇಲಿನ ಅವನ ಅಟ್ಟಣೆ ಬಿಚ್ಚಿಬಿಟ್ಯಾ ಓರಿನ್?”

“ಬಿಚ್ಚಿದೆ. ಗುಡ್ಡಗಳ ಸಂದಿಗೆ ಕಟ್ತೀನಿ. ಓಕ್ ಕಾಯಿ ತಿಂದ ಜಿಂಕೆ ಜೌಗಿಗೆ ಇಳಿಯೋದು ಅಲ್ಲೇ ತಾನೇ, ಗೇಲನ್?”

“ಯಾರನ್ನ ಕೇಳಿ ಮುಟ್ಟಿದೆ?”

“ಆ ಬೋಳು ದಿಬ್ಬದಲ್ಲಿ ಏನಿತ್ತೋ! ಗಾಳಿ ಬೆನ್ನಿಂದ ಬೀಸತ್ತೆ. ನಮ್ಮ ವಾಸನೆ ಹಿಡಿದು ಒಂದು ಮರೀನೂ ಹತ್ರ ಸುಳಿಯಲ್ಲ. ಅಪ್ಪ ಅಲ್ಲಿ ಕೂತು ಒಂದಾದ್ರೂ ಹೊಡೆದನಾ?”

“ಇಲ್ಲ.”

“ಮತ್ತೆ? ಅವನಿಗೆ ಜಾಗ ಆರಿಸೋಕೇ ಬರ್ತಿರ್ಲಿಲ್ಲ, ಒಪ್ಕೋ.”

“ನಾವಿಬ್ಬರು ಬೇಟೆಗೆ ಕೂರೋ ಮರ ಆರಿಸಿಕೊಟ್ಟಿದ್ದು ಯಾರು?”

ಗೇಲನ್‌ನ ದನಿ ಇನ್ನೂ ತಗ್ಗಿತು.

“ಚಿಕ್ಕೋನಿದ್ದಾಗ ಮರದಿಂದ ಬಿದ್ಯಲ್ಲ, ಅಪ್ಪ ಅಷ್ಟು ಬೇಗ ಹೇಗೆ ಓಡಿಬಂದ? ಆ ದಿಬ್ಬದಿಂದ ಜಿಂಕೆ ಕಾಣಲ್ಲ ಕಣೋ. ನಾವಿಬ್ರೂ ಕಾಣ್ತೀವಿ.”

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.

“ನಾಳೆ ನನ್ನ ಮಗಳು ಮೊದಲ ಸಲ ಬೇಟೆಗೆ ಮರ ಹತ್ತುತ್ತಾಳೆ,” ಎಂದ ಓರಿನ್.

“ಗೊತ್ತು.”

“ಸುತ್ತಿಗೆ ಗಾಡೀಲಿದೆಯಾ?”

“ಇದೆ. ಕಾಫಿ?”

“ಬೆಳಕು ಹೋಗೋದ್ರೊಳಗೆ ದಿಬ್ಬ ಹತ್ಬೇಕು, ನಡಿ.”

ಲೋರ್ನಾ ತಿರುಗಿದಾಗ ಅವಳ ಹಿಂದೆ ಯಾರೂ ಇರಲಿಲ್ಲ.